ಕಾಲಿಗೆ ಕೊಟ್ಟ ಸೀಟು

ಸಿದ್ದಿಗಳ ಚರಿತ್ರೆ ಬರೆಯುವವರು ಪೋರ್ಚುಗೀಸರ ಹಡಗಿನಿಂದ ಶುರು ಮಾಡ್ತಾರೆ. ಗೋವಾದಲ್ಲಿ ಗುಲಾಮರಾಗಿದ್ದವರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಜೊಯಿಡಾ ಕಡೆ ಬೇರುಬಿಟ್ಟರು. ಇಷ್ಟು ಎಲ್ಲರಿಗೂ ಗೊತ್ತು. ನಾನು ಹೇಳಹೊರಟಿರೋದು ಮೊನ್ನೆ ಮೊನ್ನೆಯ ಚರಿತ್ರೆ, ಶಾಲೆಯ ಬಾಗಿಲಿನದು.

1980ರ ದಶಕ. ಕಾಳಿ ನದಿಯ ಅಣೆಕಟ್ಟಿಗೆ ಸೂಪಾ ಊರು ಮುಳುಗಿ, ತಾಲೂಕಿನ ಕಚೇರಿಗಳು ಜೊಯಿಡಾಕ್ಕೆ ಬಂದ ಕಾಲ. ಆಗಲೇ ದಿಲ್ಲಿಯ ಕಣ್ಣಿಗೆ ಸಿದ್ದಿ ಮಕ್ಕಳು ಬಿದ್ದರು! 1984ರಲ್ಲಿ ಹುಟ್ಟಿದ ಭಾರತೀಯ ಕ್ರೀಡಾ ಪ್ರಾಧಿಕಾರ ‘ವಿಶೇಷ ಪ್ರದೇಶ ಕ್ರೀಡೆ’ ಅನ್ನೋ ಯೋಜನೆ ತಂತು. ಕ್ರೀಡಾ ಖಾತೆ ಮಾರ್ಗರೆಟ್ ಆಳ್ವ ಅವರ ಕೈಯಲ್ಲಿತ್ತು. ಲೆಕ್ಕ ಸರಳ: ಆಫ್ರಿಕಾದವರು ಒಲಿಂಪಿಕ್‌ನಲ್ಲಿ ಓಡಿ ಗೆಲ್ತಾರೆ, ಸಿದ್ದಿಗಳೂ ಆಫ್ರಿಕಾ ಮೂಲದವರು, ಓಡಲಿ. ರಾಜಸ್ಥಾನದ ಆದಿವಾಸಿ ಲಿಂಬಾ ರಾಮ್ ಅವರನ್ನು 1987ರಲ್ಲಿ ಬಿಲ್ಲುಗಾರಿಕೆಗೆ ಆರಿಸಿದ್ದೂ ಇದೇ ಯೋಜನೆ. ಕಾಡಿನವರ ಕೈಗೆ ಬಿಲ್ಲು, ಕರಿಯರ ಕಾಲಿಗೆ ಓಟ! ಮಿದುಳನ್ನು ಅಳೆಯೋಕೆ ಯಾರೂ ಬರಲಿಲ್ಲ.

ಆರಿಸಿದ ಮಕ್ಕಳಿಗೆ ಹಾಸ್ಟೆಲ್ಲು, ಊಟ, ತರಬೇತಿ, ಜೊತೆಗೆ ಓದು. ಸುಳ್ಳು ಹೇಳಬಾರದು, ಕೆಲವರ ಬದುಕು ಬದಲಾಯಿತು. ಕಮಲಾ ಸಿದ್ದಿ, ಜೂಜೆ ಜಾಕಿ ಹರ್ನೋಡ್ಕರ್ ರಾಷ್ಟ್ರಮಟ್ಟದಲ್ಲಿ ಹೆಸರು ಮಾಡಿದರು. ಹೊಟ್ಟೆತುಂಬ ಉಂಡು, ಕಲಿಸುವವರು ಸಿಕ್ಕ ಮಗು ಓಡುತ್ತೆ. ಇದಕ್ಕೆ ರಕ್ತದ ಪುರಾಣ ಯಾಕೆ ಬೇಕು? ಆದರೆ ಆ ಹಾಸ್ಟೆಲ್ಲಿನ ಮಂಚ ಹಕ್ಕಿನದಾಗಿರಲಿಲ್ಲ, ಕಾಲಿಗೆ ಕೊಟ್ಟದ್ದು. 1993ರಲ್ಲಿ ಸಿದ್ದಿ ಮಕ್ಕಳ ಆ ಯೋಜನೆಯನ್ನೇ ಮುಚ್ಚಿದರು. ಪದಕ ತಂದರೂ ನಿಲ್ಲಲಿಲ್ಲ ನೋಡಿ.

ಇನ್ನು ಹಕ್ಕು? ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದ್ದು 2003ರಲ್ಲಿ. 1993ರಲ್ಲಿ ಆರನೇ ಈಯತ್ತೆಯಲ್ಲಿದ್ದ ಮಗು ಅಷ್ಟೊತ್ತಿಗೆ ಕಾಲೇಜಿನ ವಯಸ್ಸೇ ದಾಟಿತ್ತು.

ಇದು ನಮ್ಮ ಕಾಡಿನ ಕತೆ ಮಾತ್ರ ಅಂದ್ಕೋಬೇಡಿ. ಆಟಗಾರರನ್ನು ಹುಡುಕಿ ಸೀಟು ಕೊಡೋದರಲ್ಲಿ ಅಮೆರಿಕಾ ಹಳೇ ಗಿರಾಕಿ. ಹಾರ್ವರ್ಡ್‌ನಲ್ಲಿ ಕೋಚ್‌ಗಳು ಆರಿಸಿದ ಮಕ್ಕಳಲ್ಲಿ ನೂರಕ್ಕೆ ಸುಮಾರು 86 ಜನಕ್ಕೆ ಸೀಟು, ಉಳಿದವರಲ್ಲಿ ನೂರಕ್ಕೆ ಹತ್ತು ಜನಕ್ಕೂ ಇಲ್ಲ ಅನ್ನೋದು 2018ರ ಕೋರ್ಟ್ ವಿಚಾರಣೆಯಲ್ಲಿ ಹೊರಬಿತ್ತು. ಆಟ ಯಾವುವು? ದೋಣಿ ಪಂದ್ಯ, ಕತ್ತಿವರಸೆ, ಸ್ಕ್ವಾಷ್ ಕೂಡ. ಇವೆಲ್ಲ ದುಡ್ಡಿದ್ದವರ ಅಂಗಳದವು. ಯೇಲ್, ಸ್ಟ್ಯಾನ್‌ಫರ್ಡ್‌ನಂಥ ಕಡೆ ಶ್ರೀಮಂತರು ಆಡದ ಮಕ್ಕಳನ್ನೂ ಆಟಗಾರರು ಅಂತ ತೋರಿಸಲು ಲಂಚ ಕೊಟ್ಟದ್ದು 2019ರಲ್ಲಿ ಬಯಲಾಯಿತು. 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಜನಾಂಗ ನೋಡಿ ಸೀಟು ಕೊಡೋದನ್ನು ತಡೆಯಿತು. ಆಟದ ಬಾಗಿಲು ಹಾಗೇ ಉಳೀತು. ಅಲ್ಲಿ ಉಳ್ಳವರಿಗೆ ಅದು ಹಿಂಬಾಗಿಲು. ಇಲ್ಲಿ ಸಿದ್ದಿಗೆ ಅದೊಂದೇ ಬಾಗಿಲು.

ನಮ್ಮಲ್ಲೂ ಇಂಜಿನಿಯರಿಂಗಿನಂಥ ಓದಿಗೆ ಕ್ರೀಡಾ ಕೋಟಾ ಇದೆ. ಅದಕ್ಕೆ ಕೂಟಗಳ ಸರ್ಟಿಫಿಕೇಟು ಬೇಕು. ಸರ್ಟಿಫಿಕೇಟಿಗೆ ಮೈದಾನ, ಬಸ್ ಚಾರ್ಜು, ಶೂ. ನಾನು ಡಿಗ್ರಿಗೆ ಹಾಕಿದ ಅರ್ಜಿಯಲ್ಲೂ ‘ಕ್ರೀಡಾ ಸಾಧನೆ’ ಅಂತ ಒಂದು ಗೆರೆ ಇತ್ತು. ಸೌದೆ ಹೊರೆ ಹೊತ್ತ ದೂರವನ್ನು ಅಲ್ಲಿ ಬರೆಯೋಕಾಗುತ್ತಾ?

2016ರಲ್ಲಿ ಮುಂಡಗೋಡದ ಕಡೆ ಖಾಸಗಿ ಸಂಸ್ಥೆಯೊಂದು ಸಿದ್ದಿ ಮಕ್ಕಳಿಗೆ ಮತ್ತೆ ಓಟ ಕಲಿಸಲು ಶುರು ಮಾಡಿತು. ಓಡಲಿ, ಗೆಲ್ಲಲಿ. ಜೊಯಿಡಾದ ಮೇಷ್ಟ್ರೇ, ಅಕ್ಕೋರೇ, ನಿಮ್ಮ ಶಾಲೆಯ ಮಗುವನ್ನು ಆರಿಸೋಕೆ ಯಾರೇ ಬರಲಿ, ಮೊದಲು ಇದನ್ನು ಕೇಳಿ: ಮೊಣಕಾಲು ಮುರಿದ ದಿನ ಈ ಮಗುವಿನ ಓದಿನ ಖರ್ಚು ಯಾರದು?