ಬಿದರಿ ಕಲೆ ಮತ್ತು ಲೋಹಶುದ್ಧಿಯ ಕೈ ಉಪಕರಣಗಳು: ಒಂದು ಚಾರಿತ್ರಿಕ ಅವಲೋಕನ

ಬೀದರಿನ ಬಿದರಿ ಕಲೆಯನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಮೂರು ನೆಲೆಗಳಲ್ಲಿ ಸಾಗಿ ಬಂದಿವೆ. ಕಲೆಯ ಮೂಲ ಹಾಗೂ ಅದಕ್ಕೆ ಆಶ್ರಯವಿತ್ತ ಅರಸು ಮನೆತನಗಳ ಚರ್ಚೆ ಮೊದಲನೆಯದು. ಹುಕ್ಕಾಬುರುಡೆ, ಹೂಜಿ, ತಟ್ಟೆ, ಪಾನದಾನ ಮೊದಲಾದ ವಸ್ತುಗಳ ಆಕಾರ ಮತ್ತು ಅಲಂಕರಣದ ವಿವೇಚನೆ ಎರಡನೆಯದು. ಮಿಶ್ರಲೋಹದ ಪರೀಕ್ಷೆ ಮೂರನೆಯದು. ಎರಕದಿಂದ ಹೊರಬಂದ ಒರಟು ಲೋಹವನ್ನು ಹೆರೆದು, ಅರೆದು, ಉಜ್ಜಿ ಶುಚಿಗೊಳಿಸುವ ಕೆಲಸವಾಗಲಿ, ಅದಕ್ಕೆಂದು ಕುಶಲಕರ್ಮಿ ತನ್ನ ಕೈಗೆ ಒಗ್ಗುವಂತೆ ಸಿದ್ಧಪಡಿಸಿಕೊಂಡ ಉಪಕರಣಗಳಾಗಲಿ ಇವುಗಳ ಮಧ್ಯೆ ಅಷ್ಟಾಗಿ ಗಮನ ಸೆಳೆದಿಲ್ಲ. ಆದರೆ ಬಿದರಿಯ ಹೆಗ್ಗುರುತಾದ ಕಪ್ಪು ಮೈಬಣ್ಣವು ನಿಂತಿರುವುದೇ ಈ ಶುದ್ಧಿಯ ಮೇಲೆ ಎಂಬುದನ್ನು ಮರೆಯುವಂತಿಲ್ಲ.

ಬಹಮನಿ ಅರಸರು ತಮ್ಮ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಬದಲಾಯಿಸಿದ್ದು ಹದಿನೈದನೆಯ ಶತಮಾನದ ಪೂರ್ವಾರ್ಧದಲ್ಲಿ, ಅಹಮದ್ ಷಾನ ಕಾಲದಲ್ಲಿ. ಬಿದರಿ ಕಲೆಯ ಹುಟ್ಟನ್ನು ಸ್ಥಳೀಯ ಪರಂಪರೆ ಬಹಮನಿ ಕಾಲಕ್ಕೇ ಸೇರಿಸುತ್ತದೆ. ಆದರೆ ಕಾಲನಿರ್ಣಯಕ್ಕೆ ಒದಗುವಂತಹ ಉಳಿದಿರುವ ವಸ್ತುಗಳು ಹದಿನೇಳನೆಯ ಶತಮಾನದಿಂದೀಚಿನವು. ಮುಂದೆ ಈ ಕಲೆ ಬೀದರಿನ ಎಲ್ಲೆಯನ್ನು ದಾಟಿ ಲಖನೌ, ಮುರ್ಷಿದಾಬಾದ್, ಬಿಹಾರದ ಪೂರ್ಣಿಯಾ ಮೊದಲಾದ ಕಡೆಗಳಲ್ಲಿಯೂ ನೆಲೆಗೊಂಡಿತು.

1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಕನ್ನಡ ನಾಡಿನ ಇತಿಹಾಸಕಾರರಿಗೆ ಸುಪರಿಚಿತ. ಇದೇ ಬುಕನನ್ 1809-10ರಲ್ಲಿ ಪೂರ್ಣಿಯಾ ಜಿಲ್ಲೆಯ ಸರ್ವೇಕ್ಷಣೆ ನಡೆಸಿದಾಗ ಅಲ್ಲಿನ ಬಿದರಿ ಕೆಲಸವನ್ನು ಕಂಡು ವಿವರಿಸಿದ. ಅವನ ಲೆಕ್ಕದಂತೆ ಒಂದು ಎರಕಕ್ಕೆ 12,360 ಗ್ರೇನ್ ಸತು, 460 ಗ್ರೇನ್ ತಾಮ್ರ ಮತ್ತು 414 ಗ್ರೇನ್ ಸೀಸ ಸೇರುತ್ತಿದ್ದವು. ಅಂದರೆ ಲೋಹದ ನೂರರಲ್ಲಿ ಸುಮಾರು 93 ಪಾಲು ಸತುವೇ ಆಗಿತ್ತು. ಲೋಹದ ತೂಕವನ್ನು ಗ್ರೇನ್‌ಗಳಲ್ಲಿ ಕೊಡುವ ಈ ವಿವರಣೆಯಲ್ಲಿ ಉಪಕರಣಗಳಿಗೆ ಸಲ್ಲುವುದು ಒಂದೆರಡು ಮಾತು ಮಾತ್ರ. ಲೋಹದ ಪ್ರಮಾಣವನ್ನು ಕೇಳಿ ಬರೆದುಕೊಳ್ಳಬಹುದು. ಉಳಿಯ ಬಾಯಿಯನ್ನು ಎಷ್ಟು ಓರೆಯಾಗಿ ಸಾಣೆ ಹಿಡಿಯಬೇಕೆಂಬುದು ಕೇಳಿ ಬರೆದುಕೊಳ್ಳುವ ವಿಷಯವಲ್ಲ. ಈ ಬಗೆಯ ಅಸಮತೋಲನ ನಂತರದ ಬರಹಗಳಲ್ಲಿಯೂ ಬಹುಮಟ್ಟಿಗೆ ಮುಂದುವರಿದಿದೆ.

ಬಿದರಿಯಲ್ಲಿ ಲೋಹಶುದ್ಧಿ ಒಂದೇ ಬಾರಿಗೆ ಮುಗಿಯುವ ಕ್ರಿಯೆಯಲ್ಲ. ರಾಳ ಮತ್ತು ಹರಳೆಣ್ಣೆ ಬೆರೆಸಿದ ಮಣ್ಣಿನ ಅಚ್ಚಿನಿಂದ ಹೊರಬಂದ ವಸ್ತುವಿನ ಮೈ ಒರಟಾಗಿ, ಮಂಕಾಗಿ, ಮಣ್ಣಿನ ಕಣಗಳಿಂದ ಕೂಡಿರುತ್ತದೆ. ಮೊದಲು ಅರದಿಂದ ಏರುಪೇರುಗಳನ್ನು ತೆಗೆಯಲಾಗುತ್ತದೆ. ಅನಂತರ ಚಪ್ಪಟೆ ಬಾಯಿಯ ಉಳಿಯಿಂದ ಮೈಯನ್ನು ಹೆರೆದು, ಅರದ ಗೀರುಗಳನ್ನು ಅಳಿಸಿ, ಉಜ್ಜಿ ನುಣುಪು ಮಾಡಲಾಗುತ್ತದೆ. ಹೀಗೆ ಶುಚಿಯಾದ ಮೈಗೆ ಮೈಲುತುತ್ತದ ನೀರನ್ನು ಸವರಿದಾಗ ತಾತ್ಕಾಲಿಕವಾದ ಕಪ್ಪು ಛಾಯೆ ಮೂಡಿ, ಚೂಪು ಮೊನೆಯಿಂದ ಬರೆದ ಚಿತ್ತಾರದ ಗೆರೆ ಬೆಳ್ಳಗೆ ಎದ್ದು ಕಾಣುತ್ತದೆ. ಆ ಗೆರೆಯ ಮೇಲೆ ಉಳಿಯಿಂದ ಕಂಡರಿಸಿ, ಬೆಳ್ಳಿಯ ತಂತಿ ಇಲ್ಲವೆ ತಗಡನ್ನು ಸುತ್ತಿಗೆಯಿಂದ ಬಡಿದು ಕೂರಿಸಿದ ಮೇಲೆ ಇಡೀ ವಸ್ತುವನ್ನು ಮತ್ತೊಮ್ಮೆ ಉಜ್ಜಿ ಸಮಗೊಳಿಸುವುದು ವಾಡಿಕೆ.

ಕಡೆಯ ಹಂತದಲ್ಲಿ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರವನ್ನು ನೀರಿನಲ್ಲಿ ಬೆರೆಸಿ, ವಸ್ತುವನ್ನು ಬಿಸಿಮಾಡಿ ಆ ಮಿಶ್ರಣದಿಂದ ಉಪಚರಿಸಲಾಗುತ್ತದೆ. ಆಗ ಸತು ಪ್ರಧಾನವಾದ ಲೋಹ ಶಾಶ್ವತವಾಗಿ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ತನ್ನ ಹೊಳಪನ್ನು ಉಳಿಸಿಕೊಳ್ಳುತ್ತದೆ. ಸೂಸನ್ ಲಾ ನೀಸ್ ಮತ್ತು ಗ್ರಹಾಂ ಮಾರ್ಟಿನ್ 1987ರಲ್ಲಿ ಪ್ರಕಟಿಸಿದ ಪರೀಕ್ಷೆಯು, ಸತುವಿನೊಂದಿಗೆ ಬೆರೆತ ಅಲ್ಪ ಪ್ರಮಾಣದ ತಾಮ್ರಕ್ಕೆ ಈ ಕಪ್ಪಿನಲ್ಲಿ ಮುಖ್ಯ ಪಾತ್ರವಿರುವುದನ್ನು ತೋರಿಸಿತು. ಇದು ಬಳಿದ ಬಣ್ಣವಲ್ಲ, ಲೋಹದ ಮೈಯಲ್ಲಿಯೇ ನಡೆಯುವ ರಾಸಾಯನಿಕ ಕ್ರಿಯೆ. ಆದ್ದರಿಂದ ಜಿಡ್ಡು, ಕಿಲುಬು ಅಥವಾ ಮಣ್ಣಿನ ಕಣ ಉಳಿದ ಜಾಗದಲ್ಲಿ ಆ ಕ್ರಿಯೆಗೆ ತಡೆಯುಂಟಾಗಿ ಕಪ್ಪು ಕಲೆಕಲೆಯಾಗುತ್ತದೆ. ಕೋಟೆಯ ಮಣ್ಣಿನ ಗುಣವನ್ನು ಎಲ್ಲರೂ ಬಲ್ಲರು. ಆ ಮಣ್ಣಿನ ಗುಣ ಪ್ರಕಟವಾಗಲು ಉಳಿ ಮತ್ತು ಅರ ಮೊದಲೇ ದಾರಿ ಮಾಡಿಕೊಟ್ಟಿರಬೇಕು ಎಂಬುದು ಅಷ್ಟೇ ಮುಖ್ಯವಾದ ಸಂಗತಿ.

ಇಂತಹ ಕೆಲಸಕ್ಕೆ ಬೇಕಾದ ಉಪಕರಣಗಳು ಸರಳವಾದವು. ಆದರೆ ಅವುಗಳ ತಯಾರಿಕೆ ಸುಲಭವಾದುದಲ್ಲ. ಉಕ್ಕಿನ ಸಣ್ಣ ಸಲಾಕೆಯ ತುದಿಯನ್ನು ಕೆಂಪಗೆ ಕಾಯಿಸಿ, ಬಡಿದು, ಬೇಕಾದ ಬಾಯಿಯನ್ನು ಕೊಡಬೇಕು. ಮತ್ತೆ ಕಾಯಿಸಿ ನೀರಿನಲ್ಲಿ ಅದ್ದಿದರೆ ಉಕ್ಕು ಗಡಸಾಗುತ್ತದೆ. ಅಷ್ಟಕ್ಕೇ ಬಿಟ್ಟರೆ ಪೆಟ್ಟಿಗೆ ಸಿಡಿಯುತ್ತದೆ. ಆದ್ದರಿಂದ ಮೈಯನ್ನು ಉಜ್ಜಿ, ಹದವಾಗಿ ಕಾಯಿಸಿ, ತುದಿಯಲ್ಲಿ ಒಣಹುಲ್ಲಿನ ಬಣ್ಣ ಕಾಣಿಸಿಕೊಂಡೊಡನೆ ಮತ್ತೆ ತಣಿಸುವುದು ಉಕ್ಕಿಗೆ ಹದ ಕೊಡುವ ಹಳೆಯ ಕ್ರಮ. ಇಲ್ಲಿ ಕಣ್ಣೇ ಮಾಪಕ. ಹಲ್ಲು ಸವೆದ ಅರವೂ ವ್ಯರ್ಥವಾಗುವುದಿಲ್ಲ. ಅರದ ಉಕ್ಕು ಗಡಸಾದುದರಿಂದ ಅದರ ತುದಿಯನ್ನು ಸಾಣೆ ಹಿಡಿದರೆ ಹೆರೆಯುವ ಉಳಿಯೊಂದು ದೊರೆಯುತ್ತದೆ. ಹೊಕ್ಕಳು ಉಬ್ಬಿದ ಹೂಜಿಗೂ ಸಪಾಟಾದ ತಟ್ಟೆಗೂ ಒಂದೇ ಬಾಯಿಯ ಉಳಿ ಒದಗದು. ಮೈಯ ತಿರುವಿಗೆ ತಕ್ಕಂತೆ ಬಾಯಿಯನ್ನು ತಿದ್ದಿಕೊಳ್ಳಬೇಕು, ಸವೆದಂತೆಲ್ಲ ಸಾಣೆಯ ಮೇಲೆ ಮಸೆಯಬೇಕು. ಈ ಅರ್ಥದಲ್ಲಿ ಉಪಕರಣ ತಯಾರಿಕೆ ಒಮ್ಮೆ ಮುಗಿಸುವ ಸಿದ್ಧತೆಯಾಗಿರದೆ ನಿತ್ಯದ ಕಾಯಕದ ಭಾಗವೇ ಆಗಿದೆ.

ಈ ನಿರಂತರ ಮಸೆತವೇ ಉಪಕರಣಗಳು ಇತಿಹಾಸದಿಂದ ಮರೆಯಾಗಲು ಮುಖ್ಯ ಕಾರಣ. ಮಸೆದಷ್ಟೂ ಉಳಿ ಗಿಡ್ಡವಾಗುತ್ತದೆ. ಕೊನೆಗೆ ಹಿಡಿಯಲು ಬಾರದಷ್ಟಾದಾಗ ಗುಜರಿಗೆ ಸೇರುತ್ತದೆ ಇಲ್ಲವೆ ಮತ್ತೆ ಕುಲುಮೆಗೆ ಹೋಗುತ್ತದೆ. ಬೆಳ್ಳಿ ಕೂರಿಸಿದ ಹುಕ್ಕಾಬುರುಡೆಗೆ ಕೊಳ್ಳುವವರಿದ್ದರು, ಕಾಪಾಡುವವರಿದ್ದರು, ಅದು ಮುಂದೆ ವಸ್ತುಸಂಗ್ರಹಾಲಯವನ್ನು ಸೇರಿತು. ಅದನ್ನು ರೂಪಿಸಿದ ಉಳಿಗೆ ಅಂತಹ ಯಾವ ಬೆಲೆಯೂ ಇರಲಿಲ್ಲ. ಆದರೂ ಅದರ ಸಾಕ್ಷ್ಯ ಪೂರ್ಣವಾಗಿ ಅಳಿದುಹೋಗಿಲ್ಲ. ಹಳೆಯ ವಸ್ತುಗಳಲ್ಲಿ ಬೆಳ್ಳಿ ಕಳಚಿದ ಕಡೆ ಉಳಿಯ ಬಾಯಿಯ ಗುರುತು ಕಾಣಸಿಗುವುದುಂಟು. ಕಣ್ಣಿಗೆ ಬೀಳದ ತಳಭಾಗ ಮತ್ತು ಒಳಮೈಯಲ್ಲಿ ಅರದ ಗೀರುಗಳು ಉಳಿದಿರುವ ಸಾಧ್ಯತೆಯಿದೆ. ಅಲಂಕರಣದಷ್ಟೇ ಗಮನವನ್ನು ಈ ಗುರುತುಗಳಿಗೂ ಕೊಟ್ಟಲ್ಲಿ ಉಪಕರಣಗಳ ಅಗಲ, ಬಾಗು ಮತ್ತು ಬಳಕೆಯ ದಿಕ್ಕನ್ನು ಊಹಿಸಲು ಆಧಾರ ದೊರೆಯುತ್ತದೆ.

ಬಿದರಿಗೆ 2005-06ರ ಸಾಲಿನಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. 2023ರಲ್ಲಿ ಬೀದರಿನ ಹಿರಿಯ ಕಲಾವಿದ ಷಾ ರಶೀದ್ ಅಹಮದ್ ಖಾದ್ರಿ ಅವರಿಗೆ ಪದ್ಮಶ್ರೀ ಸಂದಿತು. ವಸ್ತುವಿಗೂ ಕಲಾವಿದನಿಗೂ ಗೌರವ ಸಲ್ಲುತ್ತಿರುವುದು ಸಂತೋಷದ ವಿಷಯ. ಇದೇ ಅವಧಿಯಲ್ಲಿ ಸಿದ್ಧ ಅರ, ಉಜ್ಜುಕಾಗದ ಮತ್ತು ವಿದ್ಯುತ್ತಿನಿಂದ ತಿರುಗುವ ಉಜ್ಜುಗಾಲಿಗಳು ಕಾರ್ಯಾಗಾರಗಳನ್ನು ಪ್ರವೇಶಿಸಿ ದುಡಿಮೆಯ ಭಾರವನ್ನು ತಗ್ಗಿಸಿವೆ. ಈ ಬದಲಾವಣೆಯನ್ನು ದೂರುವುದು ಸಲ್ಲದು; ಬೆರಳು ಸವೆಸಿಕೊಳ್ಳುವುದೇ ಕಲೆಯ ಲಕ್ಷಣವಲ್ಲ. ಆದರೆ ಕೈಯಲ್ಲಿ ತಿದ್ದಿದ ಉಳಿ ಮರೆಯಾಗುವಾಗ ಅದರೊಡನೆ ಉಕ್ಕಿನ ಹದ, ಬಾಯಿಯ ಓರೆ, ಲೋಹದ ಸದ್ದು ಇವುಗಳ ಅರಿವೂ ದಾಖಲೆಯಿಲ್ಲದೆ ಮರೆಯಾಗುತ್ತದೆ. ಆದುದರಿಂದ ವಸ್ತುಸಂಗ್ರಹಾಲಯಗಳು ಬಿದರಿ ವಸ್ತುಗಳ ಜೊತೆಗೆ, ಬಳಕೆಯಲ್ಲಿ ಸವೆದ ಉಪಕರಣಗಳ ಒಂದೊಂದು ಪೂರ್ಣ ಗಂಟನ್ನಾದರೂ, ಪ್ರತಿಯೊಂದರ ಹೆಸರು, ಅಳತೆ, ತಯಾರಿಕೆಯ ಕ್ರಮ ಮತ್ತು ಬಳಸಿದವರ ವಿವರಣೆಯೊಂದಿಗೆ ಸಂಗ್ರಹಿಸಿಡುವುದು ಅವಶ್ಯ. ಕಪ್ಪು ಲೋಹದ ಮೇಲೆ ಮಿನುಗುವ ಬೆಳ್ಳಿಯ ಚರಿತ್ರೆ, ಆ ಲೋಹವನ್ನು ಶುಚಿಗೊಳಿಸಿದ ಉಳಿಯ ಚರಿತ್ರೆಯಿಲ್ಲದೆ ಪೂರ್ಣವಾಗಲಾರದು.