ಒಂದೇ ಗೂಡು, ಹಲವು ಬಾಬತ್ತು: ಸಣ್ಣ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕಗಳಲ್ಲಿ ಆದಾಯ ವೈವಿಧ್ಯದ ಪ್ರಶ್ನೆ

ಒಂದೇ ಆದಾಯವನ್ನು ನೆಚ್ಚಿಕೊಂಡು ಕೂರಬೇಡಿ ಎಂಬ ಸಲಹೆ ಸಣ್ಣ ಉದ್ದಿಮೆದಾರರ ತರಬೇತಿ ಶಿಬಿರಗಳಲ್ಲಿ ತಪ್ಪದೆ ಕೇಳಿಬರುತ್ತದೆ. ಸಲಹೆ ತಪ್ಪಲ್ಲ. ಆದರೆ ಬೇರೆ ಬೇರೆ ಆದಾಯ ಎಂದರೆ ಏನು ಎಂಬ ಪ್ರಶ್ನೆಯನ್ನು ಅಲ್ಲಿ ಯಾರೂ ಎತ್ತುವುದಿಲ್ಲ. ರಾಮನಗರ, ಶಿಡ್ಲಘಟ್ಟ, ಕನಕಪುರ, ವಿಜಯಪುರ, ಕೊಳ್ಳೇಗಾಲದ ಕಡೆಯ, ಗೂಡಿನಿಂದ ನೂಲು ಬಿಚ್ಚುವ ರೇಷ್ಮೆ ರೀಲರ್‌ಗಳ ಲೆಕ್ಕ ನೋಡಿದರೆ ಅವರ ಆದಾಯ ಮೇಲ್ನೋಟಕ್ಕೆ ಆಗಲೇ ಹಲವು ಬಾಬತ್ತುಗಳಲ್ಲಿ ಹರಿದು ಬರುತ್ತಿದೆ: ಕಚ್ಚಾ ರೇಷ್ಮೆ, ಒಣಗಿದ ಹುಳು, ರೇಷ್ಮೆ ತ್ಯಾಜ್ಯ, ಕೆಲವರಿಗೆ ಜೋಡಿಗೂಡಿನ ಡ್ಯುಪಿಯನ್ ನೂಲು. ಹಾಗಿದ್ದೂ ಗೂಡಿನ ದರ ನಾಲ್ಕು ದಿನ ಏರಿದರೆ ಒಲೆ ಆರಿಸಿ ಕೂರುವವರು ಇವರೇ. ಬಾಬತ್ತುಗಳ ಎಣಿಕೆಗೂ ಆದಾಯದ ಭದ್ರತೆಗೂ ನಡುವೆ ಇರುವ ಈ ಅಂತರ ಎಲ್ಲಿಂದ ಬಂತು ಎಂಬುದೇ ಈ ಲೇಖನದ ವಿಷಯ. ಇಲ್ಲಿ ಮಂಡಿಸುವ ವಾದ ಇಷ್ಟು: ಉಪೋತ್ಪನ್ನ ಮಾರುವುದು ಆದಾಯ ವೈವಿಧ್ಯವಲ್ಲ, ಅದು ಮೂಲ ಕಸುಬಿನ ಲಾಭಾಂಶವೇ. ವೈವಿಧ್ಯ ಬೇಕಿದ್ದರೆ ಗೂಡಿನ ದರದ ಹಿಡಿತದಿಂದ ಆಚೆ ಇರುವ ಆದಾಯವನ್ನು ಹುಡುಕಬೇಕು. ಅಂಥದ್ದು ಘಟಕದ ಒಳಗೇ ಇದೆ, ಆದರೆ ಅದನ್ನು ಸಾಮಾನ್ಯವಾಗಿ ಆದಾಯ ಎಂದು ಎಣಿಸುವುದಿಲ್ಲ.

ಪರಿಕಲ್ಪನೆಯ ಹಿನ್ನೆಲೆ

ವೈವಿಧ್ಯೀಕರಣ ಕುರಿತ ಚರ್ಚೆಗೆ ಎರಡು ಬೇರುಗಳಿವೆ. ಹ್ಯಾರಿ ಮಾರ್ಕೊವಿಟ್ಜ್ 1952ರಲ್ಲಿ ಹೂಡಿಕೆಯ ಬಗ್ಗೆ ಬರೆದ ಪ್ರಬಂಧದ ತಿರುಳು, ಎಷ್ಟು ಬಗೆಯ ಷೇರು ಕೈಯಲ್ಲಿವೆ ಎಂಬುದಕ್ಕಿಂತ ಅವು ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆಯೇ ಎಂಬುದು ಮುಖ್ಯ ಎಂಬುದು. ಇಗೊರ್ ಆನ್ಸಾಫ್ 1957ರಲ್ಲಿ ಉದ್ದಿಮೆಯ ಬೆಳವಣಿಗೆಯನ್ನು ಉತ್ಪನ್ನ ಮತ್ತು ಮಾರುಕಟ್ಟೆ ಎಂಬ ಎರಡು ಅಕ್ಷಗಳ ಮೇಲೆ ಇಟ್ಟು, ಎರಡೂ ಹೊಸದಾದಾಗ ಮಾತ್ರ ಅದನ್ನು ವೈವಿಧ್ಯೀಕರಣ ಎಂದು ಕರೆದರು. ಸಣ್ಣ ಉದ್ದಿಮೆಗಳಿಗೆ ಹೇಳುವ ಬುದ್ಧಿಮಾತಿನಲ್ಲಿ ಆನ್ಸಾಫ್ ಅವರ ಚೌಕಗಳು ಉಳಿದುಕೊಂಡವು, ಮಾರ್ಕೊವಿಟ್ಜ್ ಅವರ ಎಚ್ಚರಿಕೆ ಬಿಟ್ಟುಹೋಯಿತು.

ಇವೆರಡಕ್ಕಿಂತ ಹಳೆಯ ಇನ್ನೊಂದು ವಿಚಾರ ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರ. ಆಲ್‌ಫ್ರೆಡ್ ಮಾರ್ಷಲ್ 1890ರ ತಮ್ಮ ಅರ್ಥಶಾಸ್ತ್ರ ಗ್ರಂಥದಲ್ಲಿ ಜಂಟಿ ಪೂರೈಕೆಯ ಬಗ್ಗೆ ಬರೆಯುತ್ತಾರೆ. ಗೋಧಿ ಮತ್ತು ಅದರ ಹುಲ್ಲು, ಉಣ್ಣೆ ಮತ್ತು ಮಾಂಸ ಒಂದೇ ಮೂಲದಿಂದ ಒಟ್ಟಿಗೆ ಹುಟ್ಟುತ್ತವೆ. ಒಂದನ್ನು ಬಿಟ್ಟು ಇನ್ನೊಂದನ್ನು ಮಾಡಲಾಗದು. ರೇಷ್ಮೆಗೂಡು ಅದೇ ಜಾತಿಗೆ ಸೇರಿದ್ದು. ನೂಲು ಬೇಕೆಂದವನಿಗೆ ಹುಳು ಬಂದೇ ಬರುತ್ತದೆ. ಗೂಡು ಬರದಿದ್ದರೆ ಎರಡೂ ಇಲ್ಲ.

ಬೇಸಿನ್ನಿನ ಬಳಿ

ಸಿದ್ಧಾಂತವನ್ನು ಅಲ್ಲಿಗೆ ಬಿಟ್ಟು ಕೆಲಸ ನಡೆಯುವ ಜಾಗಕ್ಕೆ, ಬಿಸಿನೀರಿನ ಬೇಸಿನ್ನಿನ ಬಳಿಗೆ, ಬರೋಣ. ಹರಾಜಿನಲ್ಲಿ ಕೊಂಡ ಗೂಡನ್ನು ಮೊದಲು ಆವಿಗೋ ಬಿಸಿಗಾಳಿಗೋ ಒಡ್ಡಿ ಒಳಗಿನ ಹುಳುವನ್ನು ಕೊಲ್ಲುತ್ತಾರೆ. ಇಲ್ಲದಿದ್ದರೆ ಚಿಟ್ಟೆ ಗೂಡು ತೂತು ಮಾಡಿಕೊಂಡು ಹೊರಬರುತ್ತದೆ, ಎಳೆ ತುಂಡಾಗುತ್ತದೆ. ಆಮೇಲೆ ಕುದಿನೀರಿನಲ್ಲಿ ಬೇಯಿಸಿ, ಎಳೆಗಳನ್ನು ಅಂಟಿಸಿದ ಸೆರಿಸಿನ್ ಎಂಬ ಗೋಂದನ್ನು ಮೆದು ಮಾಡಿ, ಬ್ರಷ್ ಆಡಿಸಿ ತುದಿ ಹುಡುಕುತ್ತಾರೆ. ಒಂದು ಗೂಡಿನ ಎಳೆ ಸುಮಾರು ಎರಡು ಮೂರು ಡೆನಿಯರ್‌ನಷ್ಟು ಮಾತ್ರ ದಪ್ಪ. ಎಂಟು ಹತ್ತು ಗೂಡಿನ ಎಳೆ ಸೇರಿಸಿದರೆ 20/22 ಡೆನಿಯರ್ ನೂಲು. ಒಂದು ಗೂಡು ಮುಗಿದೊಡನೆ ಇನ್ನೊಂದರ ತುದಿಯನ್ನು ಕೈಯಲ್ಲೇ ಎಸೆದು ಅಂಟಿಸಬೇಕು. ಒಂದು ಕ್ಷಣ ತಡವಾದರೂ ನೂಲು ಅಲ್ಲಿ ಸಪೂರವಾಗುತ್ತದೆ, ದರ್ಜೆ ಇಳಿಯುತ್ತದೆ.

ತುದಿ ಸಿಗುವವರೆಗೆ ಎಳೆದು ತೆಗೆದ ಗೋಜಲು ಎಳೆ ಮೊದಲ ತ್ಯಾಜ್ಯ. ಕೊನೆಗೆ ಹುಳುವಿನ ಮೈಗೆ ಅಂಟಿಕೊಂಡು ಬಿಚ್ಚಲಾಗದೆ ಉಳಿಯುವ ತೆಳು ಪೊರೆ ಎರಡನೆಯದು. ಇವು ಸ್ಪನ್ ಸಿಲ್ಕ್ ಗಿರಣಿಗಳಿಗೆ ಹೋಗುತ್ತವೆ. ಚನ್ನಪಟ್ಟಣದಲ್ಲಿ ಅಂಥ ಗಿರಣಿಯೊಂದು ನೆಲೆಗೊಂಡದ್ದಕ್ಕೆ ಸುತ್ತಲಿನ ಒಲೆಗಳ ತ್ಯಾಜ್ಯವೂ ಕಾರಣ. ಉಳಿದದ್ದು ಹುಳು. ಒಣ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರೋಟೀನು, ಕಾಲು ಭಾಗದ ಆಸುಪಾಸು ಎಣ್ಣೆ. ಮೀನು ಮತ್ತು ಕೋಳಿ ಆಹಾರಕ್ಕೆ, ಎಣ್ಣೆ ತೆಗೆದು ಸಾಬೂನಿಗೆ ಬಳಸುತ್ತಾರೆ. ಕೊರಿಯಾದಲ್ಲಿ ಅದನ್ನು ಬೀದಿಬದಿಯ ತಿಂಡಿಯಾಗಿಯೇ ಮಾರುತ್ತಾರೆ. ರಾಮನಗರದಲ್ಲಿ ಆ ಪ್ರಯೋಗಕ್ಕೆ ಕೈಹಾಕುವ ಧೈರ್ಯಸ್ಥರನ್ನು ನಾನು ಕಂಡಿಲ್ಲ. ಬೆಂದ ಹುಳು ಒಂದೇ ದಿನದಲ್ಲಿ ಕೊಳೆಯತೊಡಗುತ್ತದೆ. ಮೋಡ ಕವಿದ ದಿನಗಳಲ್ಲಿ ಅಂಗಳದಲ್ಲಿ ಹರವಿದ ಹುಳು ಒಣಗುವುದಿಲ್ಲ, ಬೀದಿಗೆಲ್ಲ ವಾಸನೆ, ನೆರೆಯವರ ಜೊತೆ ಜಗಳ. ಆಗ ಅದು ಸಿಕ್ಕಿದ ದರಕ್ಕೆ ಹೋಗುತ್ತದೆ.

ಗೂಡಿನಿಂದ ಬರುವ ಆದಾಯಗಳ ಪಟ್ಟಿ ಕೊಡುವಾಗ ಕರಪತ್ರಗಳು ಇನ್ನೆರಡನ್ನು ಸೇರಿಸುವುದುಂಟು: ಸೆರಿಸಿನ್ ಮತ್ತು ಗೂಡಿನ ಹಾರ. ಸೆರಿಸಿನ್ನಿನ ದೊಡ್ಡ ಪಾಲು ಒಲೆಯ ನೀರಿಗೆ ಬರುವುದೇ ಇಲ್ಲ, ನೂಲಿನಲ್ಲೇ ಉಳಿದು ಮುಂದೆ ಗೋಂದು ತೆಗೆಯುವವರ ಕಡಾಯಿಯಲ್ಲಿ ಕರಗುತ್ತದೆ. ಹಾರಕ್ಕೆ ಬೇಕಾದ ತೂತುಗೂಡು ಹೆಚ್ಚಾಗಿ ಸಿಗುವುದು ಮೊಟ್ಟೆ ತಯಾರಿಸುವ ಬಿತ್ತನೆ ಕೇಂದ್ರಗಳಲ್ಲಿ. ಎರಡೂ ರೀಲರ್‌ನ ಕೈಗೆ ಸುಲಭವಾಗಿ ಎಟುಕುವಂಥವಲ್ಲ.

ಒಂದು ಮಾದರಿ ಲೆಕ್ಕ

ಇಲ್ಲಿ ಬಳಸಿದ ದರಗಳು ವಿವರಣೆಗಾಗಿ ಇಟ್ಟುಕೊಂಡವು, ಯಾವುದೇ ದಿನದ ಮಾರುಕಟ್ಟೆ ದರ ಅಲ್ಲ. ಅನುಪಾತಗಳು ಮಾತ್ರ ಕಸುಬಿನವು. ಒಂದು ಕಿಲೊ ನೂಲಿಗೆ ಎಷ್ಟು ಕಿಲೊ ಗೂಡು ಬೇಕಾಯಿತು ಎಂಬುದನ್ನು ರೆಂಡಿಟ್ಟ ಎನ್ನುತ್ತಾರೆ. ಒಳ್ಳೆಯ ಬೈವೋಲ್ಟೀನ್ (ದ್ವಿತಳಿ) ಗೂಡಿಗೆ ಆರು ಆರೂವರೆ, ಮಿಶ್ರತಳಿಗೆ ಏಳು ಎಂಟು.

ಘಟಕವೊಂದು ದಿನಕ್ಕೆ 70 ಕಿಲೊ ಗೂಡನ್ನು ಕಿಲೊಗೆ 500 ರೂಪಾಯಿಯಂತೆ ಕೊಂಡಿತು ಎನ್ನೋಣ. ಖರ್ಚು 35,000. ರೆಂಡಿಟ್ಟ 7 ಆದರೆ 10 ಕಿಲೊ ನೂಲು. ಕಿಲೊಗೆ 3,900ರಂತೆ 39,000. ಗೂಡಿನ ತೂಕದಲ್ಲಿ ಶೇ. 18 ರೇಷ್ಮೆಯ ಚಿಪ್ಪು ಎಂದಿಟ್ಟುಕೊಂಡರೆ ನೂಲಾಗದೆ ಉಳಿಯುವ ರೇಷ್ಮೆ ಎರಡೂವರೆ ಕಿಲೊ, 600ರಂತೆ 1,500. ಹುಳು ಒಣಗಿದ ಮೇಲೆ 14 ಕಿಲೊ, 50ರಂತೆ 700. ಕೂಲಿ, ಸೌದೆ, ವಿದ್ಯುತ್ತು ಸೇರಿ 4,500. ಎಲ್ಲ ಕಳೆದು ದಿನದ ಉಳಿತಾಯ 1,700 ರೂಪಾಯಿ.

ಉಪೋತ್ಪನ್ನದ 2,200 ರೂಪಾಯಿ ಒಟ್ಟು ವಹಿವಾಟಿನಲ್ಲಿ ಶೇ. 5ರಷ್ಟೇ, ಆದರೆ ದಿನದ ಉಳಿತಾಯಕ್ಕಿಂತ ಅದು ದೊಡ್ಡದು. ಅದನ್ನು ತೆಗೆದುಬಿಟ್ಟರೆ ಘಟಕ ದಿನಕ್ಕೆ 500 ರೂಪಾಯಿ ನಷ್ಟದಲ್ಲಿ ನಡೆಯುತ್ತದೆ. ಹರಾಜಿನಲ್ಲಿ ಕೂಗುವ ರೀಲರ್ ಹುಳು ಮತ್ತು ತ್ಯಾಜ್ಯದಿಂದ ಬರುವುದನ್ನು ಮನಸ್ಸಿನಲ್ಲಿ ಮೊದಲೇ ಕೂಡಿಕೊಂಡು ದರ ಏರಿಸುತ್ತಾನೆ. ಪಕ್ಕದವನೂ ಹಾಗೆಯೇ ಮಾಡುತ್ತಾನೆ. ಹೀಗೆ ಉಪೋತ್ಪನ್ನದ ಬೆಲೆ ಹರಾಜಿನಲ್ಲೇ ಗೂಡಿನ ದರದೊಳಗೆ ಸೇರಿಹೋಗುತ್ತದೆ. ಎಲ್ಲರಿಗೂ ಇರುವ ಹೆಚ್ಚುವರಿ ಆದಾಯ ಪೈಪೋಟಿಯಲ್ಲಿ ಯಾರಿಗೂ ಉಳಿಯುವುದಿಲ್ಲ, ರೈತನ ಕಡೆಗೆ ಸರಿಯುತ್ತದೆ. ರೈತನ ದೃಷ್ಟಿಯಿಂದ ಅದು ನ್ಯಾಯವೇ.

ಈಗ ಗೂಡಿನ ದರ 25 ರೂಪಾಯಿ ಏರಲಿ. ಖರ್ಚು 1,750 ಹೆಚ್ಚಿತು, ಉಳಿತಾಯ ಪೂರ್ತಿ ಹೋಯಿತು. ದರ ಅಷ್ಟೇ ಇದ್ದು ರೆಂಡಿಟ್ಟ 7ರಿಂದ 7.4ಕ್ಕೆ ಜಾರಿದರೂ ಅಷ್ಟೇ: ಅರ್ಧ ಕಿಲೊಗೂ ಮಿಕ್ಕಿ ನೂಲು ಕಡಿಮೆಯಾಗಿ 2,100 ರೂಪಾಯಿ ಕೈಬಿಡುತ್ತದೆ, ಹೆಚ್ಚಾದ ತ್ಯಾಜ್ಯದಿಂದ ಮುನ್ನೂರು ಚಿಲ್ಲರೆ ವಾಪಸ್ಸು ಬಂದರೂ ಲೆಕ್ಕ ನಷ್ಟಕ್ಕೆ ಇಳಿಯುತ್ತದೆ. ಗಮನಿಸಿ, ಎರಡೂ ಸಂದರ್ಭಗಳಲ್ಲಿ ಹುಳುವಿನ ಆದಾಯ ಒಂದು ಪೈಸೆಯೂ ಏರಿ ಆಸರೆ ಆಗಲಿಲ್ಲ. ಗೂಡು ಆರಿಸುವಾಗಿನ ಇಂಥ ಎಡವಟ್ಟು ದಿನವೂ ಮರುಕಳಿಸಿದರೆ ತಿಂಗಳ ಹುಳುವಿನ ಹಣವನ್ನು ಎರಡು ವಾರದಲ್ಲಿ ತಿಂದುಹಾಕಬಲ್ಲದು.

ಹಾಗೆಂದು ಉಪೋತ್ಪನ್ನವನ್ನು ಹಗುರವಾಗಿ ಕಾಣಲಾಗದು. ಗೂಡಿಗೆ ಹಣ ಹರಾಜಿನ ದಿನವೇ ಕಟ್ಟಬೇಕು, ನೂಲಿನ ಹಣ ವ್ಯಾಪಾರಿಯಿಂದ ಬರುವುದು ಹಲವು ದಿನಗಳ ಮೇಲೆ. ನಡುವೆ ಕೂಲಿ ಕೊಡಬೇಕಾದ ಶನಿವಾರ ಬಂದೇ ಬರುತ್ತದೆ. ಮೂಟೆ ಕಟ್ಟಿಟ್ಟ ಹುಳು, ತ್ಯಾಜ್ಯ ಆಗ ನಗದಾಗುತ್ತವೆ. ಅವುಗಳ ನಿಜವಾದ ಉಪಯೋಗ ಮೊತ್ತಕ್ಕಿಂತ ಕೈಗೆ ಬರುವ ಹೊತ್ತಿನಲ್ಲಿದೆ ಎಂದು ನನಗೆ ಅನಿಸುತ್ತದೆ.

ದರದ ಆಘಾತ ಎಲ್ಲಿಂದ ಬರುತ್ತದೆ

ಆಘಾತಗಳು ಒಲೆಯ ಬಳಿ ಹುಟ್ಟುವುದಿಲ್ಲ. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಿದಾಗ ಗೂಡು, ನೂಲು ಎರಡರ ದರವೂ ಕುಸಿದವು. ಗೂಡು ಅಗ್ಗವಾದರೆ ರೀಲರ್‌ಗೆ ಲಾಭವಲ್ಲವೇ ಎಂದು ಕೇಳಬಹುದು. ಆದರೆ ಹಿಂದಿನ ದರದಲ್ಲಿ ಕೊಂಡ ಗೂಡು ಉಗ್ರಾಣದಲ್ಲಿದ್ದವನು ಅದನ್ನು ಹೊಸ ದರದಲ್ಲಿ ನೂಲು ಮಾಡಿ ಮಾರಬೇಕು. ಅಷ್ಟರಲ್ಲಿ ಶೇ. 10ಕ್ಕೆ ಬಂದಿದ್ದ ಸುಂಕವನ್ನು 2021ರ ಬಜೆಟ್ಟು ಶೇ. 15ಕ್ಕೆ ಏರಿಸಿತು. ಅದರ ಹಿಂದಿನ ವರ್ಷ ಕೊರೊನಾ ಲಾಕ್‌ಡೌನಿನಲ್ಲಿ ಮದುವೆಗಳೇ ನಿಂತು ಸೀರೆ ಕೇಳುವವರಿರಲಿಲ್ಲ. ಆಷಾಢದಲ್ಲಿ ಪ್ರತಿವರ್ಷ ನಡೆಯುವುದರ ಹಿಗ್ಗಿಸಿದ ರೂಪ ಅದು.

ರೀಲರ್ ಗೂಡು ಮತ್ತು ನೂಲಿನ ದರಗಳ ನಡುವಿನ ಸಂದಿಯಲ್ಲಿ ಬದುಕುವವನು. ಒಂದು ದರವನ್ನು ಸಾವಿರಾರು ರೈತರ ಬೆಳೆ ನಿರ್ಧರಿಸುತ್ತದೆ, ಇನ್ನೊಂದನ್ನು ಕಾಂಚೀಪುರ, ಧರ್ಮಾವರ, ದೊಡ್ಡಬಳ್ಳಾಪುರದ ಮಗ್ಗಗಳ ಬೇಡಿಕೆಯೂ ಚೀನಾದ ನೂಲೂ ಸೇರಿ ನಿರ್ಧರಿಸುತ್ತವೆ. 1959ರ ಕರ್ನಾಟಕದ ರೇಷ್ಮೆ ಕಾಯ್ದೆ ಪರವಾನಗಿ ಮತ್ತು ಬಹಿರಂಗ ಹರಾಜಿನ ಮೂಲಕ ರೈತನಿಗೆ ರಕ್ಷಣೆ ಕೊಟ್ಟಿತು. 1979ರಲ್ಲಿ ಬಂದ ರೇಷ್ಮೆ ಮಾರಾಟ ಮಂಡಳಿ ದರ ಕುಸಿದಾಗ ನೂಲು ಕೊಳ್ಳುವ ಹೊಣೆ ಹೊತ್ತಿತು. ಸಂದಿಯನ್ನು ಸ್ಥಿರವಾಗಿ ಇಡುವ ಏರ್ಪಾಡು ಮಾತ್ರ ಎಲ್ಲಿಯೂ ಇಲ್ಲ.

ದರಕ್ಕೆ ಅಂಟದ ಆದಾಯ

ಎಡಿತ್ ಪೆನ್‌ರೋಸ್ 1959ರ ತಮ್ಮ ಪುಸ್ತಕದಲ್ಲಿ, ಉದ್ದಿಮೆ ಹೊಸ ದಿಕ್ಕಿಗೆ ಹೊರಳುವುದು ತನ್ನಲ್ಲಿ ಪೂರ್ತಿ ಬಳಕೆಯಾಗದೆ ಉಳಿದ ಸಂಪನ್ಮೂಲದ ಕಡೆಯಿಂದ ಎಂದು ವಾದಿಸಿದರು. ರೀಲಿಂಗ್ ಘಟಕದಲ್ಲಿ ಹಾಗೆ ಉಳಿದಿರುವುದು ಏನು? ಒಲೆ, ಬೇಸಿನ್, ಗೂಡಿಲ್ಲದ ದಿನ ಸುಮ್ಮನಿರುವ ಕೈಗಳು. ಇವೆಲ್ಲಕ್ಕಿಂತ ಮಿಗಿಲಾದದ್ದು ಗೂಡು ನೋಡಿ ಅಳೆಯುವ ಜಾಣ್ಮೆ. ರೀಲರ್ ಹರಾಜಿಗಿಟ್ಟ ಲಾಟಿನೊಳಕ್ಕೆ ಕೈ ಇಳಿಸಿ ತಳದಿಂದ ಒಂದು ಹಿಡಿ ಎತ್ತಿ, ಚಿಪ್ಪನ್ನು ಬೆರಳಲ್ಲಿ ಒತ್ತಿ, ಕಿವಿಯ ಬಳಿ ಅಲುಗಿಸಿ ಒಳಗಿನ ಹುಳು ಹೇಗಿದೆ ಎಂದು ಕೇಳಿ, ಈ ಲಾಟು ಎಷ್ಟಕ್ಕೆ ಬಿಚ್ಚೀತು ಎಂದು ಅಂದಾಜು ಕಟ್ಟುತ್ತಾನೆ. ಮೇಲಿನ ಲೆಕ್ಕದಲ್ಲಿ ರೆಂಡಿಟ್ಟದ 0.4ರ ವ್ಯತ್ಯಾಸ ಇಡೀ ದಿನದ ಉಳಿತಾಯವನ್ನು ನುಂಗಿದ್ದನ್ನು ನೋಡಿದ್ದೇವೆ. ಆ ವ್ಯತ್ಯಾಸವನ್ನು ತಡೆಯುವ ಕೈ ಇದು.

ಈ ಜಾಣ್ಮೆಯನ್ನೂ ಒಲೆಯನ್ನೂ ಬೇರೆಯವರ ಗೂಡಿಗೆ ಒದಗಿಸಿ ಕೂಲಿ ಪಡೆಯುವುದು ಒಂದು ದಾರಿ. ಗೂಡಿಗೆ ಬಂಡವಾಳ ಹಾಕಿದವನು ನೂಲು ವ್ಯಾಪಾರಿಯೋ ದೊಡ್ಡ ನೇಕಾರನೋ ಆಗಿರುತ್ತಾನೆ, ದರದ ಏರಿಳಿತ ಅವನ ತಲೆಗೆ. ಮಾದರಿ ಲೆಕ್ಕದಲ್ಲೇ ಹೇಳುವುದಾದರೆ, ಕಿಲೊ ನೂಲಿಗೆ 600 ರೂಪಾಯಿ ಕೂಲಿ ಸಿಕ್ಕರೆ 10 ಕಿಲೊಗೆ 6,000; ಖರ್ಚು 4,500 ಕಳೆದು 1,500 ಉಳಿಯುತ್ತದೆ. ಸ್ವಂತ ವ್ಯಾಪಾರಕ್ಕಿಂತ 200 ಕಡಿಮೆ. ಆದರೆ ಗೂಡು 500 ಇರಲಿ 525 ಇರಲಿ ಅದು ಬದಲಾಗುವುದಿಲ್ಲ. ನೂಲಿನ ಹಣ ಹತ್ತು ದಿನ ತಡವಾದರೆ ಸಿಕ್ಕಿಹಾಕಿಕೊಳ್ಳುತ್ತಿದ್ದ ಮೂರೂವರೆ ಲಕ್ಷ ರೂಪಾಯಿಯ ಬಂಡವಾಳವೂ, ಅದರ ಬಡ್ಡಿಯೂ ಉಳಿಯುತ್ತವೆ. ಬಡ್ಡಿ ತಿಂಗಳಿಗೆ ನೂರಕ್ಕೆ ಎರಡು ಎಂದರೂ 7,000. ದಿನಕ್ಕೆ 230ರ ಲೆಕ್ಕ. ಅಲ್ಲಿಗೆ ಆ 200ರ ಅಂತರ ಮುಚ್ಚಿಹೋಯಿತು. ಹುಳು ಮತ್ತು ತ್ಯಾಜ್ಯ ಯಾರಿಗೆ ಎಂಬುದು ಒಪ್ಪಂದದ ಮಾತು. ಅದನ್ನು ಮೊದಲೇ ಬಿಡಿಸಿಕೊಳ್ಳದಿದ್ದರೆ ವ್ಯಾಜ್ಯ ಖಚಿತ.

ನೂಲಿಗೆ ಹುರಿ ಹಾಕಿಕೊಡುವ ಟ್ವಿಸ್ಟಿಂಗ್ ಎರಡನೆಯ ದಾರಿ. ಅಲ್ಲಿಯೂ ಕಿಲೊ ಲೆಕ್ಕದ ಕೂಲಿ. ಹಳೆಯ ದಾಸ್ತಾನಿನ ನೂಲಿಗೂ ಆಮದಾದ ನೂಲಿಗೂ ಹುರಿ ಬೇಕು, ಆದ್ದರಿಂದ ಗೂಡು ಬಾರದ ವಾರಗಳಲ್ಲೂ ಕೆಲಸ ಇರಬಲ್ಲದು. ಚೀನಾದ ನೂಲು ಬಂದು ಒಲೆಗೆ ಪೆಟ್ಟು ಬಿದ್ದಾಗ ಇದೇ ಘಟಕದ ಹುರಿ ಯಂತ್ರಕ್ಕೆ ಕೆಲಸ ಕೂಡಿಬರುವ ಸಾಧ್ಯತೆಯಿದೆ. ಎರಡು ಆದಾಯಗಳು ವಿರುದ್ಧ ದಿಕ್ಕಿಗೆ ಚಲಿಸುವ ಸಂದರ್ಭ ಈ ಕಸುಬಿನಲ್ಲಿ ಅಪರೂಪ, ಮಾರ್ಕೊವಿಟ್ಜ್ ಹೇಳಿದ್ದಕ್ಕೆ ಅತಿ ಹತ್ತಿರದ್ದು ಇದೇ. ತೊಡಕು ಯಂತ್ರದ ಹೂಡಿಕೆಯಲ್ಲಿದೆ. ನೂಲು ಬಿಚ್ಚುವ ಎರಡು ಚರಕ ಇಟ್ಟುಕೊಂಡವನಿಗೆ ಅದು ದೂರದ ಮಾತು, ಹತ್ತಾರು ಬೇಸಿನ್ನಿನ ಮಲ್ಟಿ ಎಂಡ್ ಘಟಕದವರು ಯೋಚಿಸಬಹುದು.

ಕೂಲಿ ಕೆಲಸಕ್ಕೂ ತನ್ನದೇ ಅಪಾಯ ಇದೆ, ಅದನ್ನು ಮುಚ್ಚಿಡಬಾರದು. ಗೂಡಿನ ದರ ವಿಪರೀತ ಏರಿದಾಗ ಬಂಡವಾಳದವನೂ ಹರಾಜಿನಿಂದ ಹಿಂದೆ ಸರಿಯುತ್ತಾನೆ. ಆಗ ಕೂಲಿಯ ದರ ಸ್ಥಿರವಾಗಿದ್ದು ಕೆಲಸವೇ ಇಲ್ಲದಂತಾಗುತ್ತದೆ. ಇದಕ್ಕಿಂತ ಗಟ್ಟಿಯಾದ ಅಡ್ಡಿ ಮರ್ಯಾದೆಯದು. ಸ್ವಂತ ಗೂಡು ಕೂಗಿ ಕೊಳ್ಳುವವನು ರೀಲರ್; ಬೇರೆಯವರ ಗೂಡಿಗೆ ಕೈಕೊಟ್ಟವನು ಕೂಲಿಯವನು. ಹರಾಜು ಕಟ್ಟೆಯಲ್ಲಿ ಈ ಭೇದ ಜೋರಾಗಿಯೇ ಇದೆ, ಹಾಗಾಗಿ ಕೈಸುಟ್ಟುಕೊಂಡವನೂ ಸಾಲ ಮಾಡಿ ಮತ್ತೆ ಕೂಗುತ್ತಾನೆ. ಆದಾಯ ವೈವಿಧ್ಯದ ಅಧ್ಯಯನಗಳು ಹಣದ ಹರಿವನ್ನು ಅಳೆಯುವಷ್ಟು ಶ್ರದ್ಧೆಯಿಂದ ಇದನ್ನು ಅಳೆದಂತೆ ಕಾಣುವುದಿಲ್ಲ.

ಹುಳು ಸಿಕ್ಕಿದ ದರಕ್ಕೆ ಹೋಗುತ್ತದೆ ಎಂದ ಮಾತಿಗೆ ಒಂದು ಅಪವಾದ ಸೇರಿಸಬೇಕು. ಸ್ವಯಂಚಾಲಿತ ಯಂತ್ರದ ದೊಡ್ಡ ಘಟಕಗಳಲ್ಲಿ ಹುಳು ದಿನಕ್ಕೆ ಕ್ವಿಂಟಲುಗಟ್ಟಲೆ ಸಂಗ್ರಹವಾಗುವುದರಿಂದ ಅಲ್ಲಿ ಒಣಗಿಸುವ ಯಂತ್ರ ಇಡುವುದು ಗಿಟ್ಟುತ್ತದೆ, ಕೊಳ್ಳುವವನು ಬಾಗಿಲಿಗೇ ಬರುತ್ತಾನೆ, ದರ ಚೌಕಾಶಿ ಮಾಡಬಹುದು. ಸಣ್ಣವರು ಒಂದೇ ಬೀದಿಯಲ್ಲಿ ಮೂವತ್ತು ನಲವತ್ತು ಒಲೆ ಹಚ್ಚಿದರೂ ಹುಳುವನ್ನು ಅವರವರ ಅಂಗಳದಲ್ಲೇ ಒಣಗಿಸುತ್ತಾರೆ. ಆ ಬೀದಿಗೆ ಒಂದು ಸಾಮೂಹಿಕ ಒಣಗಿಸುವ ಘಟಕ ಬಂದರೆ ಮಳೆಗಾಲದ ನಷ್ಟ ತಪ್ಪೀತು, ದರವೂ ಕೊಂಚ ಏರೀತು. ಹಾಗೆ ಏರಿದ ದರ ಎಷ್ಟು ದಿನದಲ್ಲಿ ಹರಾಜಿನ ಕೂಗಿಗೆ ಸೇರಿಕೊಂಡು ಗೂಡಿನ ಬೆಲೆಯಾಗಿ ಹೊರಹೋಗುತ್ತದೆ ಎಂಬುದನ್ನು ಮಾರುಕಟ್ಟೆಗಳ ಈಗಿನ ಇ-ಹರಾಜಿನ ದಾಖಲೆಗಳನ್ನು ಒಣಗಿಸುವ ಘಟಕ ಬರುವ ಮೊದಲು ಮತ್ತು ಬಂದ ಮೇಲೆ ಹೋಲಿಸಿ ಲೆಕ್ಕಹಾಕಲು ಸಾಧ್ಯ.