ಸೇವೆ ಎಂಬ ಹೆಸರಿನ ಬಿಟ್ಟಿ

ಮೂವತ್ತು ವರ್ಷಕ್ಕೂ ಮಿಕ್ಕು ಹುಡುಗರಿಗೆ ಚರಿತ್ರೆ ಹೇಳಿಕೊಟ್ಟವನು ನಾನು. ಎರಡನೆಯ ಮಹಾಯುದ್ಧದ ಪಾಠ ಬಂದಾಗಲೆಲ್ಲ ಯೆಹೂದ್ಯರ ಸಂಕಟವನ್ನು ಆಷ್‌ವಿಟ್ಸ್ ಎಂಬ ಒಂದೇ ಹೆಸರಿನಲ್ಲಿ ಮುಗಿಸಿ ಮುಂದಿನ ಪುಟಕ್ಕೆ ಹೋಗಿಬಿಡುತ್ತಿದ್ದೆ. ಕೊಲ್ಲಬೇಕೆಂದೇ ಕಟ್ಟಿದ ಜಾಗದಲ್ಲಿ ಕೊಂದರು. ಅದರಲ್ಲಿ ವಿವರಿಸುವುದೇನಿದೆ ಎಂಬುದು ಆಗಿನ ನನ್ನ ಎಣಿಕೆ.

ನಿವೃತ್ತನಾದ ಮೇಲೆ ಹಂಗೆರಿಯ ಕವಿ ಮಿಕ್ಲೋಷ್ ರಾದ್ನೋತಿಯ ಕವಿತೆಗಳ ಇಂಗ್ಲಿಷ್ ಅನುವಾದವೊಂದು ಕೈಗೆ ಬಂತು. ಕವಿತೆಗಳಿಗಿಂತ ಮೊದಲು ನನ್ನನ್ನು ತಡೆದು ನಿಲ್ಲಿಸಿದ್ದು ಆತನ ಜೀವನವೃತ್ತಾಂತ. ಸಾಯುವಾಗ ಆತ ‘ದುಡಿಮೆಯ ಸೇವೆ’ಯಲ್ಲಿದ್ದನಂತೆ. ಹಂಗೆರಿಯವರ ಭಾಷೆಯಲ್ಲಿ ಅದರ ಹೆಸರು ‘ಮುಂಕಸೊಲ್ಗಾಲಾತ್’. ‘ಮುಂಕ’ ಎಂದರೆ ಕೆಲಸ, ‘ಸೊಲ್ಗಾಲಾತ್’ ಎಂದರೆ ಸೇವೆ. ದೇಶಸೇವೆಯಲ್ಲಿದ್ದವನು ಸ್ವಂತ ದೇಶದ ಸೈನಿಕರ ಗುಂಡಿಗೆ ಬಲಿಯಾದದ್ದು ಹೇಗೆ? ಈ ಪ್ರಶ್ನೆಯ ಬೆನ್ನು ಹತ್ತಿದಾಗ ತಿಳಿದದ್ದನ್ನು ಇಲ್ಲಿ ಹೇಳಬಯಸುತ್ತೇನೆ.

ಆ ಯುದ್ಧದಲ್ಲಿ ಹಂಗೆರಿ ಜರ್ಮನಿಯ ಪಕ್ಷದಲ್ಲಿತ್ತು. ಅಲ್ಲಿ 1939ರಲ್ಲಿ ಬಂದ ರಕ್ಷಣಾ ಕಾಯಿದೆ ಮೇಲ್ನೋಟಕ್ಕೆ ನಿರಪಾಯವಾಗಿಯೇ ಕಾಣುತ್ತಿತ್ತು: ಆಯುಧ ಹಿಡಿಯಲು ತಕ್ಕವರಲ್ಲದ ಗಂಡಸರು ಕೆಲವು ಕಾಲ ದೇಶಕ್ಕಾಗಿ ಮೈಮುರಿದು ದುಡಿಯಲಿ, ಅಷ್ಟೆ. 1941ರಲ್ಲಿ ಹಂಗೆರಿ ಯುದ್ಧಕ್ಕೆ ಇಳಿಯುವ ಹೊತ್ತಿಗೆ ಯೆಹೂದ್ಯನಾದವನು ಆಯುಧಕ್ಕೆ ತಕ್ಕವನೇ ಅಲ್ಲವೆಂದಾಯಿತು. ಬಂದೂಕಿನ ಬದಲು ಗುದ್ದಲಿ ಬಂತು. ಸಮವಸ್ತ್ರವಿಲ್ಲ, ಮನೆಯಿಂದ ಉಟ್ಟು ಬಂದ ಬಟ್ಟೆಯೇ ಗತಿ. ತೋಳಿಗೆ ಹಳದಿ ಪಟ್ಟಿ. ಕ್ರೈಸ್ತ ಮತಕ್ಕೆ ಸೇರಿದ್ದ ಯೆಹೂದ್ಯರಿಗೆ ಬಿಳಿ ಪಟ್ಟಿ. 1943ರಲ್ಲಿ ಕ್ಯಾಥೊಲಿಕನಾದ ರಾದ್ನೋತಿಯದು ಈ ಬಿಳಿ ಪಟ್ಟಿ. ಪಟ್ಟಿಯ ಬಣ್ಣ ಎರಡಾದರೂ ಗುದ್ದಲಿ ಒಂದೇ.

ನಮ್ಮಲ್ಲಿ ಇಂಥ ದುಡಿಮೆಗೆ ‘ಬಿಟ್ಟಿ’ ಎಂಬ ಹಳೆಯ ಮಾತಿದೆ. ಬಿಟ್ಟಿ ಎಂದಾಗ ಕಡೆಯಪಕ್ಷ ಯಾರೂ ಮೋಸಹೋಗುವುದಿಲ್ಲ. ‘ಸೇವೆ’ ಎಂದಾಗ ಊರೇ ನಂಬುತ್ತದೆ.

1942ರಲ್ಲಿ ಹಂಗೆರಿಯ ಎರಡನೆಯ ಸೇನೆ ರಷ್ಯದ ಡಾನ್ ನದಿಯ ದಡಕ್ಕೆ ಹೋಯಿತು. ಅದರೊಡನೆ ಈ ಗುದ್ದಲಿಯವರೂ ಹತ್ತಾರು ಸಾವಿರ ಮಂದಿ ಹೋದರು. ಕಂದಕ ತೋಡುವುದು, ರಸ್ತೆಯ ಹಿಮ ತೆಗೆಯುವುದು, ನೆಲದಲ್ಲಿ ಹೂತ ಸಿಡಿಗುಂಡುಗಳನ್ನು ತಕ್ಕ ಸಲಕರಣೆಯಿಲ್ಲದೆ ಹುಡುಕಿ ಕೀಳುವುದು ಇವರ ಪಾಲಿನ ಕೆಲಸ. 1928 ಮತ್ತು 1932ರ ಒಲಿಂಪಿಕ್ಸುಗಳಲ್ಲಿ, ಅಂದರೆ ಭಾರತದ ಹಾಕಿ ತಂಡ ಚಿನ್ನ ಗೆದ್ದ ಅವೇ ಎರಡು ಕೂಟಗಳಲ್ಲಿ, ಹಂಗೆರಿಗೆ ಕತ್ತಿವರಸೆಯ ತಂಡದಲ್ಲಿ ಚಿನ್ನ ತಂದುಕೊಟ್ಟ ಅತಿಲ ಪೆಟ್‌ಶಾವರ್ ಇವರಲ್ಲೊಬ್ಬ. ಆತ ರಷ್ಯದಿಂದ ಮರಳಲಿಲ್ಲ. 1943ರ ಏಪ್ರಿಲ್ ಕೊನೆಯಲ್ಲಿ ದೊರೊಷಿಚ್ ಎಂಬಲ್ಲಿ ವಿಷಮಜ್ವರದಿಂದ ಮಲಗಿದ್ದವರ ಕೊಟ್ಟಿಗೆಗೆ ಬೆಂಕಿ ಬಿತ್ತು. ಹೊರಗೆ ಓಡಿದವರನ್ನು ಕಾವಲಿನವರು ಗುಂಡಿಟ್ಟು ಕೊಂದರು. ಸತ್ತವರು ನೂರಾರು.

ಇದೆಲ್ಲ ಯುದ್ಧದ ಅನಿವಾರ್ಯ ಕ್ರೌರ್ಯವೆಂದು ಹೇಳಿ ಕೈ ತೊಳೆದುಕೊಳ್ಳಲಾದೀತೆ? ಆಗದೆಂಬುದಕ್ಕೆ ಸಾಕ್ಷಿ ಹಂಗೆರಿಯಲ್ಲೇ ಇದೆ. 1942ರ ಸೆಪ್ಟೆಂಬರಿನಲ್ಲಿ ರಕ್ಷಣಾಮಂತ್ರಿಯಾದ ವಿಲ್ಮೋಷ್ ನಾಗಿ ಎಂಬ ಹಳೆಯ ಸೇನಾಧಿಕಾರಿ, ಈ ಜನರನ್ನು ಹೊಡೆಯಕೂಡದು, ಮುದುಕರನ್ನೂ ರೋಗಿಗಳನ್ನೂ ಮನೆಗೆ ಕಳುಹಿಸಬೇಕು ಎಂದು ಆಜ್ಞೆ ಮಾಡಿದ. ಆಜ್ಞೆ ಮುಟ್ಟಿದ ಕಡೆಗಳಲ್ಲಿ ಬದುಕು ಸಹ್ಯವಾಯಿತು. ದೂರದ ರಣರಂಗದಲ್ಲಿ ಮಾತ್ರ ಅನೇಕ ತುಕಡಿಗಳಿಗೆ ತಮ್ಮ ನಾಯಕನ ಮರ್ಜಿಯೇ ಕಾನೂನಾಗಿ ಉಳಿಯಿತು. ಒಂಬತ್ತು ತಿಂಗಳಲ್ಲಿ ನಾಗಿಯ ಮಂತ್ರಿಪದವಿ ಹೋಯಿತು. 1965ರಲ್ಲಿ ಜೆರೂಸಲೇಮಿನ ಯಾದ್ ವಾಶೆಮ್ ಸ್ಮಾರಕ ಸಂಸ್ಥೆ ಆತನನ್ನು ಗೌರವಿಸಿತು. ಕಾಯಿದೆ ಅದೇ, ಗುದ್ದಲಿ ಅದೇ. ಮೇಲೆ ನಿಂತ ಮನುಷ್ಯ ಬೇರೆಯಾದರೆ ಸಾಯುವವನು ಬದುಕುತ್ತಿದ್ದ. ಆದ್ದರಿಂದಲೇ ಎಲ್ಲ ಹೊಣೆಯನ್ನೂ ಕಾಯಿದೆಯ ತಲೆಗೆ ಕಟ್ಟುವುದು ಸರಿಯಲ್ಲವೆಂದು ನನಗೆ ತೋರುತ್ತದೆ.

1944ರ ಮಾರ್ಚಿಯಲ್ಲಿ ಜರ್ಮನರು ಹಂಗೆರಿಯನ್ನೇ ಆಕ್ರಮಿಸಿದರು. ಮೇ ನಡುವಿನಿಂದ ಜುಲೈ ಮೊದಲ ವಾರದವರೆಗೆ, ಎಂಟೇ ವಾರಗಳಲ್ಲಿ, ನಾಲ್ಕು ಲಕ್ಷಕ್ಕೂ ಹೆಚ್ಚು ಯೆಹೂದ್ಯರನ್ನು ರೈಲಿಗೆ ತುಂಬಿ ಕಳುಹಿಸಲಾಯಿತು. ಬಹುಮಂದಿ ಹೋದದ್ದು ಆಷ್‌ವಿಟ್ಸ್‌ಗೆ. ಸೈನ್ಯದ ಲೆಕ್ಕಕ್ಕೆ ಸೇರಿದ್ದ ಗುದ್ದಲಿಯವರಲ್ಲಿ ಅನೇಕರು ಆ ರೈಲಿನಿಂದ ತಪ್ಪಿಸಿಕೊಂಡರು. ನಿನ್ನೆಯವರೆಗೆ ಮೃತ್ಯುವಾಗಿದ್ದ ಬಿಟ್ಟಿ ಇಂದು ಆಸರೆಯಾಯಿತು! ಆದರೆ ಮನೆಯಲ್ಲಿ ಬಿಟ್ಟು ಬಂದ ತಂದೆತಾಯಿ, ಹೆಂಡತಿ ಮಕ್ಕಳಿಗೆ ಆ ಆಸರೆ ಇರಲಿಲ್ಲ.

ರಾದ್ನೋತಿಗೆ ಮೂರನೆಯ ಕರೆ ಬಂದದ್ದು ಆ ವರ್ಷದ ಮೇ ತಿಂಗಳಲ್ಲಿ. ಆಗ ಆತನಿಗೆ ಮೂವತ್ತೈದು ವಯಸ್ಸು. ಸರ್ಬಿಯದ ಬೋರ್ ಎಂಬಲ್ಲಿ ದೊಡ್ಡ ತಾಮ್ರದ ಗಣಿ. ತಾಮ್ರ ಜರ್ಮನಿಯ ಯುದ್ಧಕ್ಕೆ. ಹಂಗೆರಿ ಸರಕಾರ ಜರ್ಮನರೊಡನೆ ಒಪ್ಪಂದ ಮಾಡಿಕೊಂಡು ಸುಮಾರು 6,000 ಯೆಹೂದ್ಯರನ್ನು ಅಲ್ಲಿಗೆ ಒಪ್ಪಿಸಿತ್ತು. ರಾದ್ನೋತಿಯ ಪಾಲಿಗೆ ಬಂದದ್ದು ರೈಲುದಾರಿಯ ಕೆಲಸ. ಹಗಲು ಕಲ್ಲುಮಣ್ಣು, ರಾತ್ರಿ ಸಣ್ಣದೊಂದು ನೋಟುಬುಕ್ಕಿನಲ್ಲಿ ಕವಿತೆ.

ರಷ್ಯನ್ ಸೇನೆ ಹತ್ತಿರವಾದಂತೆ ಬೋರ್ ಖಾಲಿಮಾಡಲು ಆಜ್ಞೆಯಾಯಿತು. ಸೆಪ್ಟೆಂಬರ್ 17ರಂದು ಮೊದಲ ತಂಡ ಕಾಲ್ನಡಿಗೆಯಲ್ಲಿ ಹೊರಟಿತು, ಅದರಲ್ಲಿ ರಾದ್ನೋತಿಯಿದ್ದ. ಮೊದಲು ಹೊರಟವರು ಮೊದಲು ಮನೆ ಸೇರುತ್ತಾರೆಂಬ ಆಸೆ. ಆದದ್ದೇ ಬೇರೆ. ಹಿಂದೆ ಉಳಿದ ಎರಡನೆಯ ತಂಡವನ್ನು ಯುಗೊಸ್ಲಾವಿಯದ ಗೆರಿಲ್ಲಾ ಪಡೆಯವರು ಬಿಡಿಸಿದರು. ಮೊದಲ ತಂಡದ ನೂರಾರು ಮಂದಿಯನ್ನು ಅಕ್ಟೋಬರ್ ಮೊದಲಲ್ಲಿ ಚೆರ್ವೆಂಕದ ಇಟ್ಟಿಗೆ ಕಾರ್ಖಾನೆಯ ಬಳಿ ಗುಂಡಿಟ್ಟು ಕೊಂದರು. ಉಳಿದವರು ನಡೆದರು. ನವೆಂಬರಿನಲ್ಲಿ ಗ್ಯೋರ್ ನಗರದ ಹತ್ತಿರದ ಅಬ್ದ ಎಂಬ ಹಳ್ಳಿಯ ಬಳಿ, ಇನ್ನು ನಡೆಯಲಾರದ ಇಪ್ಪತ್ತೆರಡು ಮಂದಿಯನ್ನು ಹಂಗೆರಿಯ ಕಾವಲಿನವರೇ ಕೊಂದು ಒಂದೇ ಗುಂಡಿಯಲ್ಲಿ ಮುಚ್ಚಿದರು. ಅವರಲ್ಲೊಬ್ಬ ರಾದ್ನೋತಿ.

1946ರ ಜೂನಿನಲ್ಲಿ ಆ ಗುಂಡಿಯನ್ನು ತೆಗೆದಾಗ ಆತನ ಕೋಟಿನ ಜೇಬಿನಲ್ಲಿ ನೋಟುಬುಕ್ಕು ಸಿಕ್ಕಿತು. ಮೊದಲಿಗೆ, ಸಿಕ್ಕವರು ಇದನ್ನು ಬುಡಾಪೆಸ್ಟಿಗೆ ತಲುಪಿಸಬೇಕೆಂಬ ಬಿನ್ನಹ ಐದು ಭಾಷೆಗಳಲ್ಲಿತ್ತು: ಹಂಗೆರಿಯನ್, ಸರ್ಬಿಯನ್, ಜರ್ಮನ್, ಫ್ರೆಂಚ್, ಇಂಗ್ಲಿಷ್. ತನ್ನ ಹೆಣ ಯಾರ ಕೈಗೆ ಸಿಕ್ಕೀತೆಂದು ಎಣಿಸಿ ಬರೆದ ಹಾಗಿತ್ತು ಅದು. ತಲುಪಬೇಕಾದಲ್ಲಿಗೆ ಅದು ತಲುಪಿತು. ಪತ್ನಿ ಫಾನ್ನಿ 2014ರವರೆಗೆ, ನೂರು ದಾಟಿ, ಬಾಳಿದರು.

ಜರ್ಮನರು ಬರುವ ಮುನ್ನವೇ, ಹಂಗೆರಿಯ ಆಡಳಿತದಲ್ಲೇ, ಈ ಸೇವೆಯಲ್ಲಿ ಮಡಿದವರು ಹತ್ತಾರು ಸಾವಿರ. ಒಂದು ಅಂದಾಜು 42,000ವರೆಗೆ ಹೋಗುತ್ತದೆ. ಅವರ ಜೇಬುಗಳಲ್ಲಿ ಏನೇನಿತ್ತೋ ಯಾರು ಬಲ್ಲರು?

ಈಗ ಎದುರುಮನೆಯ ಹುಡುಗರು ಕೆಲವೊಮ್ಮೆ ಚರಿತ್ರೆಯ ಪುಸ್ತಕ ಹಿಡಿದು ನನ್ನಲ್ಲಿಗೆ ಬರುತ್ತಾರೆ. ಆ ಪಾಠವನ್ನು ನಾನು ಆಷ್‌ವಿಟ್ಸ್‌ನಿಂದ ಆರಂಭಿಸುವುದಿಲ್ಲ. 1939ರ ಆ ಕಾಯಿದೆಯಿಂದ, ‘ಸೇವೆ’ ಎಂಬ ಆ ಒಳ್ಳೆಯ ಮಾತಿನಿಂದ ಆರಂಭಿಸುತ್ತೇನೆ.